ಬ್ರಿಟನ್ನಿನಲ್ಲಿ ಹಳೇ ಡೀಸೆಲ್ ಎಸ್ಟೇಟ್ ಕಾರು: ಯಾರಿಗೆ ಹೊಂದುತ್ತದೆ, ಯಾರಿಗೆ ಇಲ್ಲ

ಬ್ರಿಟನ್ನಿಗೆ ಹೊಸದಾಗಿ ಬಂದ ನಮ್ಮ ಕಡೆಯವರು ಮೊದಮೊದಲು ಬಸ್ಸು, ರೈಲಿನಲ್ಲೇ ಕಾಲ ಹಾಕುತ್ತಾರೆ. ಆಮೇಲೆ ಮಗು ಹುಟ್ಟುತ್ತದೆ, ತಳ್ಳುಗಾಡಿ ಬರುತ್ತದೆ. ಊರಿಂದ ಅಪ್ಪ ಅಮ್ಮ ಬರುತ್ತಾರೆ, ಅವರನ್ನು ಹೀಥ್ರೋದಿಂದ ಕರೆತರಬೇಕು, ಜೊತೆಗೆ ನಾಲ್ಕು ದೊಡ್ಡ ಸೂಟ್‌ಕೇಸು, ಅದರಲ್ಲಿ ಅರ್ಧ ಹಪ್ಪಳ, ಸಾರಿನ ಪುಡಿ, ಚಟ್ನಿಪುಡಿ. ಆಗ ಕಾರು ಬೇಕೇ ಬೇಕು ಅನಿಸುತ್ತದೆ. ಹಳೇ ಕಾರುಗಳ ಪಟ್ಟಿ ತೆರೆದರೆ ಒಂದು ಬಗೆಯ ಕಾರು ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತದೆ. ನೋಡೋಕೆ ಸಣ್ಣದು, ಹಿಂಭಾಗ ಮಾತ್ರ ಉದ್ದ. ಡೀಸೆಲ್ ಎಂಜಿನ್. ಲೀಟರಿಗೆ 20 ಕಿ.ಮೀ. ಓಡುತ್ತದೆ ಅಂತ ಬರೆದಿರುತ್ತಾರೆ. ಬೆಲೆಯೂ ಕೈಗೆಟುಕುವಂತಿದೆ.

ಇಷ್ಟೆಲ್ಲ ಒಳ್ಳೆಯದಿದ್ದೂ ಈ ಬೆಲೆಗೆ ಯಾಕೆ ಮಾರುತ್ತಿದ್ದಾರೆ? ಕಾರಿನಲ್ಲೇ ಏನೋ ಐಬಿದೆ ಅಂತಲ್ಲ. ಈ ಕಾರು ಕೆಲವರಿಗೆ ಚೆನ್ನಾಗಿ ಒಗ್ಗುತ್ತದೆ, ಇನ್ನು ಕೆಲವರಿಗೆ ಒಗ್ಗುವುದೇ ಇಲ್ಲ. ಯಾರಿಗೆ ಅನ್ನುವುದು ಮನೆಯಲ್ಲಿ ಎಷ್ಟು ಜನ ಇದ್ದೀರಿ ಅನ್ನುವುದಕ್ಕಿಂತ ಜಾಸ್ತಿ, ನೀವು ದಿನಾ ಯಾವ ರಸ್ತೆಯಲ್ಲಿ ಎಷ್ಟು ದೂರ ಹೋಗುತ್ತೀರಿ ಅನ್ನುವುದರ ಮೇಲೆ ನಿಂತಿದೆ. ಉದಾಹರಣೆಗೆ ಸ್ಕೋಡಾ ಫಾಬಿಯಾ ಎಸ್ಟೇಟ್ ಡೀಸೆಲ್ ತೆಗೆದುಕೊಳ್ಳೋಣ. ಬ್ರಿಟನ್ನಿನಲ್ಲಿ ಸುಲಭವಾಗಿ ಸಿಗುವ ಸಣ್ಣ ಎಸ್ಟೇಟ್ ಅದು. ಇಲ್ಲಿ ಹೇಳುವ ಹೆಚ್ಚಿನ ವಿಷಯ ಬೇರೆ ಕಂಪನಿಗಳ ಇದೇ ಬಗೆಯ ಕಾರುಗಳಿಗೂ ಹೊಂದುತ್ತದೆ.

ಎಸ್ಟೇಟ್ ಅಂದ್ರೆ ಯಾವ ಕಾರು?

ಹ್ಯಾಚ್‌ಬ್ಯಾಕ್ ಕಾರಿನ ಚಾವಣಿಯನ್ನು ಹಾಗೇ ಹಿಂದಕ್ಕೆ ಎಳೆದು, ಡಿಕ್ಕಿಯನ್ನು ಉದ್ದ ಮಾಡಿ, ಹಿಂದೆ ಮೇಲಕ್ಕೆ ತೆರೆಯುವ ದೊಡ್ಡ ಬಾಗಿಲಿಟ್ಟರೆ ಅದೇ ಎಸ್ಟೇಟ್. ನಮ್ಮಲ್ಲಿ ಇದನ್ನು ಸ್ಟೇಷನ್ ವ್ಯಾಗನ್ ಅಂತಾರೆ. ಭಾರತದಲ್ಲಿ ಟಾಟಾ ಕಂಪನಿ 1992ರಲ್ಲಿ 'ಎಸ್ಟೇಟ್' ಅನ್ನುವ ಹೆಸರಲ್ಲೇ ಡೀಸೆಲ್ ಕಾರು ತಂದಿತ್ತು. 2004ರಲ್ಲಿ ಇಂಡಿಗೋ ಮರೀನಾ ಬಂತು. ಎರಡೂ ಹೆಚ್ಚು ದಿನ ನಿಲ್ಲಲಿಲ್ಲ. ನಮ್ಮ ಜನ ಎತ್ತರದ ಗಾಡಿಗಳ ಕಡೆ ತಿರುಗಿದರು, ಹಾಗಾಗಿ ಎಸ್ಟೇಟ್ ನಮಗೆ ಅಷ್ಟು ಪರಿಚಯದ ಆಕಾರ ಅಲ್ಲ. ಯುರೋಪಿನಲ್ಲಿ ಮಾತ್ರ ಮಕ್ಕಳಿರುವ ಮನೆ, ನಾಯಿ ಸಾಕಿದ ಮನೆ, ಸಾಮಾನು ಹೊತ್ತು ತಿರುಗುವ ಕೆಲಸದವರು ಎಲ್ಲರೂ ತಲೆಮಾರುಗಳಿಂದ ಇದನ್ನೇ ಓಡಿಸಿದ್ದಾರೆ.

ಜಾಗದ ಲೆಕ್ಕ ನೋಡಿ. 2015ರಿಂದ ಮಾರಾಟವಾದ ಮೂರನೇ ತಲೆಮಾರಿನ ಫಾಬಿಯಾದಲ್ಲಿ ಹ್ಯಾಚ್‌ಬ್ಯಾಕ್‌ನ ಡಿಕ್ಕಿ 330 ಲೀಟರ್, ಎಸ್ಟೇಟ್‌ನದು 530 ಲೀಟರ್. ಹಿಂದಿನ ಸೀಟು ಮಡಚಿದರೆ 1,395 ಲೀಟರ್. ಇಷ್ಟಕ್ಕೆ ಕಾರಿನ ಉದ್ದ ಜಾಸ್ತಿಯಾದದ್ದು ಸುಮಾರು ಒಂದಡಿಗಿಂತ ಕಡಿಮೆ. ಒಟ್ಟು ಉದ್ದ ನಾಲ್ಕೂಕಾಲು ಮೀಟರ್ ಆಸುಪಾಸು, ಅಂದರೆ ಸೂಪರ್ ಮಾರ್ಕೆಟ್ಟಿನ ಪಾರ್ಕಿಂಗ್ ಜಾಗದಲ್ಲಿ ಒದ್ದಾಡದೆ ನಿಲ್ಲಿಸಬಹುದು. ಸಣ್ಣ ಕಾರಿನ ಹಗುರತನವನ್ನು ಬಿಟ್ಟುಕೊಡದೆ ದೊಡ್ಡ ಕಾರಿನ ಡಿಕ್ಕಿ ಸಿಗುವುದು ಈ ಆಕಾರದ ದೊಡ್ಡ ಗುಣ, ಇದನ್ನು ಬಳಸಿದವರು ಮತ್ತೆ ಹ್ಯಾಚ್‌ಬ್ಯಾಕ್‌ಗೆ ಹೋಗೋಕೆ ಹಿಂದೆಮುಂದೆ ನೋಡುವುದು ಅದಕ್ಕೇ.

ಆದರೆ ಜಾಗ ಹೆಚ್ಚಿದ್ದು ಹಿಂದಕ್ಕೆ, ಅಗಲಕ್ಕಲ್ಲ. ಹಿಂದಿನ ಸೀಟಿನಲ್ಲಿ ಎರಡು ಮಕ್ಕಳ ಸೀಟು ಕೂರಿಸಿದರೆ ನಡುವೆ ದೊಡ್ಡವರೊಬ್ಬರು ಕೂರುವುದು ಕಷ್ಟವೇ. ಬ್ರಿಟನ್ನಿನಲ್ಲಿ 12 ವರ್ಷ ಅಥವಾ 135 ಸೆಂ.ಮೀ. ಎತ್ತರ, ಯಾವುದು ಮೊದಲೋ ಅಲ್ಲಿಯ ತನಕ ಮಕ್ಕಳಿಗೆ ಅವರ ಸೀಟೇ ಬೇಕು. ಎರಡು ಮಕ್ಕಳಿದ್ದು ಅಜ್ಜ ಅಜ್ಜಿಯೂ ಬಂದರೆ ಎಲ್ಲರೂ ಒಂದೇ ಸಲಕ್ಕೆ ಈ ಕಾರಿನಲ್ಲಿ ಹೋಗೋಕೆ ಆಗಲ್ಲ, ಆರು ಜನ ಆಗ್ತಾರಲ್ವಾ.

ಸಾಮಾನು ತುಂಬುವಾಗ ಭಾರವಾದದ್ದನ್ನು ಕೆಳಗೆ, ಸೀಟಿನ ಬೆನ್ನಿಗೆ ಒತ್ತಿಡಿ. ಕಿಟಕಿಯ ಮಟ್ಟಕ್ಕಿಂತ ಮೇಲೆ ಏನನ್ನಾದರೂ ಪೇರಿಸಿದರೆ, ಗಟ್ಟಿಯಾಗಿ ಬ್ರೇಕ್ ಹಾಕಿದಾಗ ಅದು ನೇರ ಮುಂದೆ ಕೂತವರ ತಲೆಗೆ ಬರುತ್ತದೆ. ಸೆಡಾನ್‌ನಲ್ಲಿ ಡಿಕ್ಕಿ ಬೇರೆ, ಕೂರುವ ಜಾಗ ಬೇರೆ. ಎಸ್ಟೇಟ್‌ನಲ್ಲಿ ನಡುವೆ ಗೋಡೆ ಇಲ್ಲ. ತುಂಬಾ ಭಾರ ಹೊರುವ ದಿನ ಹಿಂದಿನ ಟೈರಿಗೆ ಗಾಳಿಯೂ ಜಾಸ್ತಿ ಬೇಕು, ಎಷ್ಟು ಅಂತ ಕಾರಿನ ಮೇಲೇ ಅಂಟಿಸಿರುವ ಚೀಟಿಯಲ್ಲಿರುತ್ತದೆ.

ಡೀಸೆಲ್ ಎಂಜಿನ್ ಕೆಲಸ ಮಾಡುವ ಬಗೆ

ಪೆಟ್ರೋಲ್ ಎಂಜಿನ್ನಿನಲ್ಲಿ ಗಾಳಿ, ಪೆಟ್ರೋಲ್ ಎರಡೂ ಸೇರಿದ ಮೇಲೆ ಸ್ಪಾರ್ಕ್ ಪ್ಲಗ್ ಕಿಡಿ ಹಚ್ಚುತ್ತದೆ. ಡೀಸೆಲ್ ಎಂಜಿನ್ನಿನಲ್ಲಿ ಕಿಡಿಯೇ ಇಲ್ಲ. ಬರೀ ಗಾಳಿಯನ್ನು ಅದರ ಹದಿನಾರು ಹದಿನೇಳನೇ ಒಂದು ಭಾಗಕ್ಕೆ ಅದುಮುತ್ತಾರೆ. ಹಾಗೆ ಅದುಮಿದ ಗಾಳಿ 500 ಡಿಗ್ರಿ ದಾಟಿ ಕಾಯುತ್ತದೆ, ಆ ಬಿಸಿಗೆ ಡೀಸೆಲ್ ಸಿಂಪಡಿಸಿದ ಕೂಡಲೇ ತಾನಾಗೇ ಹೊತ್ತಿಕೊಳ್ಳುತ್ತದೆ. ಜರ್ಮನಿಯ ರುಡಾಲ್ಫ್ ಡೀಸೆಲ್ ಇದಕ್ಕೆ 1893ರಲ್ಲಿ ಪೇಟೆಂಟ್ ಪಡೆದರು. 1897ರಲ್ಲಿ ಆಗ್ಸ್‌ಬರ್ಗ್‌ನಲ್ಲಿ ಎಂಜಿನ್ ಸರಿಯಾಗಿ ಓಡಿತು.

ಹೆಚ್ಚು ಅದುಮಿ ಸುಡುವುದರಿಂದ ಒಂದೇ ಹನಿಯಿಂದ ಹೆಚ್ಚು ಕೆಲಸ ಸಿಗುತ್ತದೆ. ಜೊತೆಗೆ ಒಂದು ಲೀಟರ್ ಡೀಸೆಲಿನಲ್ಲಿ ಒಂದು ಲೀಟರ್ ಪೆಟ್ರೋಲಿಗಿಂತ ಶೇಕಡಾ 10ಕ್ಕೂ ಹೆಚ್ಚು ಶಕ್ತಿ ತುಂಬಿರುತ್ತದೆ. ಈ ಎರಡೂ ಸೇರಿ ಡೀಸೆಲ್ ಕಾರು ಲೀಟರಿಗೆ ಜಾಸ್ತಿ ದೂರ ಓಡುತ್ತದೆ.

ಓಡಿಸುವಾಗ ನಿಮಗೆ ಗೊತ್ತಾಗುವ ವ್ಯತ್ಯಾಸ ಎಳೆತದ್ದು. ಫಾಬಿಯಾದ 1.4 ಲೀಟರ್ ಡೀಸೆಲ್, 90 ಅಶ್ವಶಕ್ತಿಯದ್ದು, 230 ನ್ಯೂಟನ್ ಮೀಟರ್ ಟಾರ್ಕ್ ಕೊಡುತ್ತದೆ. ಅದೇ 90 ಅಶ್ವಶಕ್ತಿಯ 1.2 ಪೆಟ್ರೋಲ್ ಎಂಜಿನ್ 160 ಕೊಡುತ್ತದೆ. ಟಾರ್ಕ್ ಅಂದರೆ ಚಕ್ರವನ್ನು ತಿರುಗಿಸುವ ಬಲ. ಡೀಸೆಲಿನಲ್ಲಿ ಆ ಬಲ ಎಂಜಿನ್ ನಿಮಿಷಕ್ಕೆ 1,750 ಸುತ್ತು ತಿರುಗುವಾಗಲೇ ಪೂರ್ತಿ ಸಿಕ್ಕಿಬಿಡುತ್ತದೆ, ಹಾಗಾಗಿ ಮನೆಮಂದಿ, ಸಾಮಾನು ಎಲ್ಲ ತುಂಬಿಕೊಂಡು ವೇಲ್ಸ್‌ನ ಬೆಟ್ಟ ಹತ್ತುವಾಗಲೂ ಪದೇ ಪದೇ ಗೇರ್ ಇಳಿಸಬೇಕಿಲ್ಲ, ಮೋಟಾರ್‌ವೇನಲ್ಲಿ ಗಂಟೆಗೆ 70 ಮೈಲಿ ವೇಗದಲ್ಲಿ ಎಂಜಿನ್ ನಿರಾಳವಾಗಿ ಗುನುಗುತ್ತಾ ಹೋಗುತ್ತದೆ. ಮೂರೇ ಸಿಲಿಂಡರಿನ ಎಂಜಿನ್ ಆದ್ದರಿಂದ ನಿಂತಾಗ ಸ್ವಲ್ಪ ನಡುಗುತ್ತದೆ, ಸದ್ದೂ ಇದೆ. ಅದು ರೋಗ ಅಲ್ಲ, ಅದರ ಗುಣ.

ಎಳೆತ ಇದೆ ಅಂತ 1,200 ಸುತ್ತಿನಲ್ಲಿ ಐದನೇ ಗೇರಿಗೆ ಹಾಕಿ ಒತ್ತಬೇಡಿ. ಹಾಗೆ ಮಾಡಿದರೆ ಮಸಿ ಜಾಸ್ತಿ ಬರುತ್ತದೆ, ಕ್ಲಚ್ಚಿನ ಹಿಂದಿರುವ ಫ್ಲೈವೀಲಿಗೂ ಏಟು. ಚಳಿಗಾಲದ ಬೆಳಗ್ಗೆ ಡ್ಯಾಶ್‌ಬೋರ್ಡಿನಲ್ಲಿ ಸುರುಳಿ ಆಕಾರದ ಹಳದಿ ದೀಪ ಹತ್ತಿದರೆ, ಅದು ಆರುವ ತನಕ ಕಾದು ಸ್ಟಾರ್ಟ್ ಮಾಡಿ. ಗ್ಲೋ ಪ್ಲಗ್‌ಗಳು ಸಿಲಿಂಡರಿನ ಒಳಗನ್ನು ಬಿಸಿ ಮಾಡುತ್ತಿರುತ್ತವೆ. ಇನ್ನೊಂದು, ಡೀಸೆಲ್ ಎಂಜಿನ್ ಶಾಖವನ್ನು ಕಡಿಮೆ ಪೋಲು ಮಾಡುತ್ತದೆ, ಹಾಗಾಗಿ ಹೀಟರಿನಿಂದ ಬಿಸಿ ಗಾಳಿ ಬರೋದು ತಡ.

ಬಂಕಿನ ಲೆಕ್ಕ ನಮ್ಮೂರಿನ ಹಾಗಲ್ಲ

ಡೀಸೆಲ್ ಅಂದರೆ ಅಗ್ಗ, ಇದು ನಮ್ಮ ತಲೆಯಲ್ಲಿ ಕೂತುಬಿಟ್ಟಿದೆ. ಕರ್ನಾಟಕದಲ್ಲಿ ಡೀಸೆಲ್ ಪೆಟ್ರೋಲಿಗಿಂತ ಕಡಿಮೆ ಬೆಲೆಗೆ ಸಿಗುತ್ತದೆ ನಿಜ. ಬ್ರಿಟನ್ನಿನಲ್ಲಿ ಎರಡರ ಮೇಲೂ ಇಂಧನ ಸುಂಕ ಒಂದೇ. ಬಂಕಿನಲ್ಲಿ ಡೀಸೆಲ್ ಸಾಮಾನ್ಯವಾಗಿ ಕೆಲವು ಪೆನ್ಸ್ ದುಬಾರಿಯೇ. ಉಳಿತಾಯ ಏನಿದ್ದರೂ ಹೆಚ್ಚು ದೂರ ಓಡುವುದರಿಂದ ಮಾತ್ರ.

ಇಲ್ಲಿ ಲೀಟರಿಗೆ ಇಷ್ಟು ಕಿ.ಮೀ. ಅಂತ ಹೇಳುವುದಿಲ್ಲ, ಗ್ಯಾಲನ್ನಿಗೆ ಇಷ್ಟು ಮೈಲಿ ಅಂತ, ಎಂಪಿಜಿ ಲೆಕ್ಕ. ಬ್ರಿಟಿಷ್ ಗ್ಯಾಲನ್ 4.546 ಲೀಟರ್. ಎಂಪಿಜಿಯನ್ನು 0.354ರಿಂದ ಗುಣಿಸಿದರೆ ನಮಗೆ ಗೊತ್ತಿರುವ ಲೆಕ್ಕ ಬರುತ್ತದೆ. 60 ಎಂಪಿಜಿ ಅಂದರೆ ಲೀಟರಿಗೆ ಸುಮಾರು 21 ಕಿ.ಮೀ. ಕಂಪನಿಯ ಕಾಗದದಲ್ಲಿ 70, 80 ಅಂತೆಲ್ಲ ಇರುತ್ತದೆ, ಅದು ಹಳೇ ಪ್ರಯೋಗಾಲಯದ ಪರೀಕ್ಷೆಯ ಅಂಕಿ, ರಸ್ತೆಯಲ್ಲಿ ಅಷ್ಟು ಬರುವುದಿಲ್ಲ.

ಒಂದು ಲೆಕ್ಕ ಹಾಕೋಣ. ಡೀಸೆಲ್ ಲೀಟರಿಗೆ 1.40 ಪೌಂಡ್, ಪೆಟ್ರೋಲ್ 1.35 ಅಂತಿಟ್ಟುಕೊಳ್ಳಿ. ಡೀಸೆಲ್ ಕಾರು 20 ಕಿ.ಮೀ. ಓಡಲಿ, ಪೆಟ್ರೋಲ್ ಕಾರು 16. ವರ್ಷಕ್ಕೆ 16,000 ಕಿ.ಮೀ., ಅಂದರೆ ಸುಮಾರು 10,000 ಮೈಲಿ ಓಡಿಸುವವರಿಗೆ ಡೀಸೆಲಿನ ಖರ್ಚು 1,120 ಪೌಂಡ್, ಪೆಟ್ರೋಲಿನದು 1,350. ಉಳಿದದ್ದು 230 ಪೌಂಡ್. ವರ್ಷಕ್ಕೆ 6,400 ಕಿ.ಮೀ. ಮಾತ್ರ ಓಡಿಸುವವರಿಗೆ ಉಳಿಯುವುದು 92 ಪೌಂಡ್. ಈ 92 ಪೌಂಡನ್ನು ನೆನಪಿಟ್ಟುಕೊಂಡು ಮುಂದಿನ ಭಾಗ ಓದಿ, ಯಾಕೆಂದರೆ ಅಷ್ಟು ಉಳಿಸೋಕೆ ಹೋಗಿ ಸಾವಿರ ಪೌಂಡ್ ಕಳೆದುಕೊಳ್ಳುವ ದಾರಿಯೊಂದು ಅಲ್ಲಿದೆ.

ಡಿಪಿಎಫ್: ಎಲ್ಲ ನಿಂತಿರುವುದು ಇದರ ಮೇಲೆ

ಡೀಸೆಲ್ ಸುಟ್ಟಾಗ ಮಸಿ ಬರುತ್ತದೆ. ಹಳೇ ಲಾರಿಯ ಹಿಂದೆ ಸ್ಕೂಟರಿನಲ್ಲಿ ಹೋದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆ ಮಸಿಯ ಕಣಗಳು ಶ್ವಾಸಕೋಶದ ಆಳಕ್ಕೆ ಇಳಿಯುವಷ್ಟು ಸಣ್ಣವು. ಅದನ್ನು ಹೊರಗೆ ಬಿಡದೆ ಹಿಡಿಯಲು ಹೊಗೆ ಕೊಳವೆಯಲ್ಲಿ ಪಿಂಗಾಣಿಯಂಥ ವಸ್ತುವಿನ ಸೋಸುಕ ಇಡುತ್ತಾರೆ. ಡೀಸೆಲ್ ಪಾರ್ಟಿಕ್ಯುಲೇಟ್ ಫಿಲ್ಟರ್, ಎಲ್ಲರ ಬಾಯಲ್ಲಿ ಡಿಪಿಎಫ್. ಅದರೊಳಗೆ ನೂರಾರು ಸಣ್ಣ ನಾಳಗಳಿವೆ. ಒಂದರ ಹಿಂದಿನ ತುದಿ ಮುಚ್ಚಿದ್ದರೆ ಪಕ್ಕದ್ದರ ಮುಂದಿನ ತುದಿ ಮುಚ್ಚಿರುತ್ತದೆ. ಹೊಗೆ ಒಂದು ನಾಳದಿಂದ ಇನ್ನೊಂದಕ್ಕೆ ನಡುವಿನ ಗೋಡೆಯ ಮೂಲಕವೇ ಹೋಗಬೇಕು. ಮಸಿ ಗೋಡೆಯಲ್ಲಿ ನಿಲ್ಲುತ್ತದೆ, ಹೊಗೆ ಹೊರಗೆ ಹೋಗುತ್ತದೆ. ಯುರೋಪಿನಲ್ಲಿ 2011ರಿಂದ ಎಲ್ಲ ಹೊಸ ಕಾರುಗಳಿಗೆ ಅನ್ವಯವಾದ, ಹೊಗೆಯ ಮಾಲಿನ್ಯಕ್ಕೆ ಮಿತಿ ಹಾಕುವ ಯೂರೋ 5 ನಿಯಮ ಬಂದ ಮೇಲೆ ಡೀಸೆಲ್ ಕಾರುಗಳಿಗೆ ಇದು ತಪ್ಪಲಿಲ್ಲ.

ಹಾಗೆ ನಿಂತ ಮಸಿ ಎಲ್ಲಿಗೆ ಹೋಗಬೇಕು? ಅಲ್ಲೇ ಸುಟ್ಟುಹೋಗಬೇಕು. ಬಚ್ಚಲಿನ ಹಂಡೆ ಒಲೆಯನ್ನು ನೆನಪು ಮಾಡಿಕೊಳ್ಳಿ. ಹಸಿ ಸೌದೆ ಇಟ್ಟು ಸಣ್ಣ ಉರಿಯಲ್ಲೇ ದಿನಾ ನೀರು ಕಾಯಿಸಿದರೆ ಹೊಗೆಗೂಡಿನೊಳಗೆ ಮಸಿ ಪದರ ಪದರವಾಗಿ ಕಟ್ಟುತ್ತಾ ಹೋಗುತ್ತದೆ. ಒಣ ಸೌದೆ ತುಂಬಿ ಜೋರಾಗಿ ಉರಿಸಿದ ದಿನ ಆ ಮಸಿ ತಾನೇ ಸುಟ್ಟು ಗೂಡು ಬಿಡಿಸಿಕೊಳ್ಳುತ್ತದೆ. ಡಿಪಿಎಫ್ ಕೂಡ ಹಾಗೇ, ಅದಕ್ಕೆ ಆಗಾಗ ಜೋರು ಉರಿ ಬೇಕು.

ಆ ಉರಿ ಎರಡು ರೀತಿ ಸಿಗುತ್ತದೆ. ಮೋಟಾರ್‌ವೇನಲ್ಲಿ ಅರ್ಧ ಗಂಟೆ ಒಂದೇ ಸಮ ಓಡಿಸಿದರೆ ಹೊಗೆಯೇ ಸಾಕಷ್ಟು ಬಿಸಿಯಾಗಿ ಮಸಿ ನಿಧಾನಕ್ಕೆ ಕರಗುತ್ತದೆ. ಇದಕ್ಕೆ ನೀವು ಏನೂ ಮಾಡಬೇಕಿಲ್ಲ, ನಿಮಗೆ ಗೊತ್ತೂ ಆಗುವುದಿಲ್ಲ. ಅಷ್ಟು ಬಿಸಿ ಸಿಗದೇ ಹೋದರೆ, ಮಸಿ ಒಂದು ಮಟ್ಟಕ್ಕೆ ತುಂಬಿದಾಗ, ಕಾರಿನ ಕಂಪ್ಯೂಟರ್ ತಾನೇ ಮುಂದಾಗುತ್ತದೆ. ಸ್ವಲ್ಪ ಹೆಚ್ಚುವರಿ ಡೀಸೆಲ್ ಸಿಂಪಡಿಸಿ ಡಿಪಿಎಫ್‌ನ ಬಿಸಿಯನ್ನು 600 ಡಿಗ್ರಿ ಹತ್ತಿರಕ್ಕೆ ಏರಿಸುತ್ತದೆ. ಇದನ್ನೇ ರೀಜನರೇಶನ್ ಅನ್ನುವುದು. ಕೆಲವು ನೂರು ಕಿ.ಮೀ.ಗೊಮ್ಮೆ ಬರುತ್ತದೆ, ಹತ್ತು ಇಪ್ಪತ್ತು ನಿಮಿಷ ಹಿಡಿಯುತ್ತದೆ.

ತೊಂದರೆ ಶುರುವಾಗುವುದು ಇಲ್ಲೇ. ಮನೆಯಿಂದ ಶಾಲೆಗೆ ಎರಡು ಕಿ.ಮೀ., ಶಾಲೆಯಿಂದ ಅಂಗಡಿಗೆ ಒಂದು, ಅಲ್ಲಿಂದ ಮನೆಗೆ. ಎಂಜಿನ್ ಬಿಸಿಯಾಗುವಷ್ಟರಲ್ಲಿ ಆಫ್. ರೀಜನರೇಶನ್ ಶುರುವಾಗಿ ಐದು ನಿಮಿಷಕ್ಕೆ ನೀವು ಗಾಡಿ ನಿಲ್ಲಿಸಿ ಒಳಗೆ ಹೋದಿರಿ. ಸುಡುವ ಕೆಲಸ ಅರ್ಧಕ್ಕೆ ನಿಂತಿತು. ನಾಳೆ ಮತ್ತೆ ಶುರು, ಮತ್ತೆ ಅರ್ಧ. ಮಸಿ ಏರುತ್ತಲೇ ಹೋಗುತ್ತದೆ. ಅಷ್ಟೇ ಅಲ್ಲ, ಸುಡದೆ ಉಳಿದ ಹೆಚ್ಚುವರಿ ಡೀಸೆಲಿನಲ್ಲಿ ಸ್ವಲ್ಪ ಸಿಲಿಂಡರಿನ ಗೋಡೆಯಿಂದ ಇಳಿದು ಎಂಜಿನ್ ಆಯಿಲಿಗೆ ಸೇರುತ್ತದೆ, ಆಯಿಲ್ ತೆಳ್ಳಗಾಗುತ್ತದೆ. ಆಯಿಲ್ ಕಡ್ಡಿ ಎಳೆದು ನೋಡಿದಾಗ ಮಟ್ಟ ಕಡಿಮೆಯಾಗುವ ಬದಲು ಏರಿದ್ದರೆ ಇದೇ ಕಾರಣ ಇರಬಹುದು, ಸುಮ್ನೆ ಬಿಡಬೇಡಿ.

ರೀಜನರೇಶನ್ ನಡೆಯುತ್ತಿದೆ ಅಂತ ಹೆಚ್ಚಿನ ಕಾರುಗಳು ಹೇಳುವುದಿಲ್ಲ, ಆದರೆ ಗಮನ ಕೊಟ್ಟರೆ ತಿಳಿಯುತ್ತದೆ. ಸಿಗ್ನಲ್ಲಿನಲ್ಲಿ ನಿಂತಾಗ ಎಂಜಿನ್ನಿನ ಸುತ್ತು ಎಂದಿಗಿಂತ ಜಾಸ್ತಿ ಇರುತ್ತದೆ, ತಾನಾಗೇ ಆಫ್ ಆಗಬೇಕಾದ ಎಂಜಿನ್ ಆಗುವುದಿಲ್ಲ, ಬಿಸಿಯಾದ ಲೋಹದ ವಾಸನೆ ಬರುತ್ತದೆ, ಕೀ ತೆಗೆದ ಮೇಲೂ ಮುಂದಿನ ಫ್ಯಾನ್ ಭರ್ರೋ ಅಂತ ತಿರುಗುತ್ತಲೇ ಇರುತ್ತದೆ. ಹಾಗಿದ್ದರೆ ಸಾಧ್ಯವಾದಷ್ಟು ಇನ್ನೂ ಸ್ವಲ್ಪ ದೂರ ಓಡಿಸಿ ಬನ್ನಿ. ಡಿಪಿಎಫ್ ಎಚ್ಚರಿಕೆಯ ಹಳದಿ ದೀಪವೇ ಹತ್ತಿತು ಅಂದರೆ, ಕಾರಿನ ಪುಸ್ತಕ ಹೇಳುವ ಪ್ರಕಾರ ಓಡಿಸಬೇಕು. ಸಾಮಾನ್ಯವಾಗಿ ಅದು ಗಂಟೆಗೆ 60 ಕಿ.ಮೀ. ಮೇಲಿನ ವೇಗದಲ್ಲಿ, 2,000 ಸುತ್ತಿನ ಆಸುಪಾಸಿನಲ್ಲಿ, ಕಾಲು ಗಂಟೆ. ದೀಪ ಆರುತ್ತದೆ. ಅದನ್ನು ಕಡೆಗಣಿಸಿ ಮುಂದುವರಿದರೆ ಇನ್ನೊಂದು ದೀಪ ಹತ್ತುತ್ತದೆ, ಎಂಜಿನ್ ಶಕ್ತಿ ಕಡಿಮೆ ಮಾಡಿಕೊಳ್ಳುತ್ತದೆ, ಆಮೇಲೆ ಗ್ಯಾರೇಜೇ ಗತಿ. ಯಂತ್ರ ಹಚ್ಚಿ ಸುಡಿಸುವುದಕ್ಕೆ ನೂರಾರು ಪೌಂಡ್, ಹೊಸ ಡಿಪಿಎಫ್ ಹಾಕಿಸಿದರೆ ಸಾವಿರ ದಾಟಬಹುದು.

ಮಸಿ ಸುಟ್ಟರೂ ಆಯಿಲಿನಿಂದ ಬರುವ ಬೂದಿ ಸುಡುವುದಿಲ್ಲ. ಅದು ಒಳಗೇ ಉಳಿಯುತ್ತದೆ, ವರ್ಷಗಟ್ಟಲೆ ಸೇರುತ್ತದೆ. ಅದಕ್ಕೇ ಈ ಕಾರುಗಳಿಗೆ ಕಡಿಮೆ ಬೂದಿಯ ಆಯಿಲ್ಲೇ ಹಾಕಬೇಕು, ಪುಸ್ತಕದಲ್ಲಿ ಬರೆದಿರುವ ದರ್ಜೆಯದ್ದೇ. ಡಬ್ಬಿಗೆ ಐದು ಪೌಂಡ್ ಉಳಿಸೋಕೆ ಬೇರೆ ಆಯಿಲ್ ಹಾಕಿಸಿದರೆ ಡಿಪಿಎಫ್‌ನ ಆಯಸ್ಸನ್ನೇ ಕಡಿಮೆ ಮಾಡಿದ ಹಾಗೆ.

'ಡಿಪಿಎಫ್ ತೆಗೆದುಹಾಕ್ತೀವಿ, ತಲೆನೋವೇ ಇರಲ್ಲ' ಅನ್ನುವವರು ಸಿಗುತ್ತಾರೆ. ಬೇಡ. ಡಿಪಿಎಫ್ ಇರಬೇಕಾದ ಕಾರಿನಲ್ಲಿ ಅದು ಇಲ್ಲದಿದ್ದರೆ 2014ರ ಫೆಬ್ರವರಿಯಿಂದ ಕಾರು ರಸ್ತೆಗೆ ಯೋಗ್ಯವೇ ಅಂತ ನೋಡುವ ವಾರ್ಷಿಕ ಎಂಒಟಿ ಪರೀಕ್ಷೆಯಲ್ಲಿ ಫೇಲ್. ಅಂಥ ಕಾರನ್ನು ರಸ್ತೆಯಲ್ಲಿ ಓಡಿಸುವುದೂ ಅಪರಾಧ, 1,000 ಪೌಂಡ್ ತನಕ ದಂಡ ಬೀಳಬಹುದು. ಅದಕ್ಕಿಂತ ಮುಖ್ಯ, ಆ ಮಸಿ ಹೋಗುವುದು ಫುಟ್‌ಪಾತಿನಲ್ಲಿ ನಡೆಯುವ ಮಕ್ಕಳ ಮೂಗಿಗೆ.

ಈ ವಿಷಯ ಬ್ರಿಟನ್ನಿನವರಿಗೆ ಮಾತ್ರ ಸಂಬಂಧಪಟ್ಟದ್ದಲ್ಲ. ಭಾರತದಲ್ಲಿ 2020ರ ಏಪ್ರಿಲಿನಿಂದ ಬಿಎಸ್ 6 ಅನ್ನುವ ಹೊಗೆ ಮಾಲಿನ್ಯದ ನಿಯಮ ಜಾರಿಯಾದ ಮೇಲೆ ಡೀಸೆಲ್ ಕಾರುಗಳಿಗೆ ಡಿಪಿಎಫ್ ಬಂದಿದೆ. ಬೆಂಗಳೂರಿನ ಸಿಲ್ಕ್ ಬೋರ್ಡ್ ಟ್ರಾಫಿಕ್ಕಿನಲ್ಲಿ ದಿನಾ ತೆವಳುವ ಡೀಸೆಲ್ ಗಾಡಿಗೂ ಇದೇ ಕಷ್ಟ, ವಾರಕ್ಕೊಮ್ಮೆ ತುಮಕೂರು ರಸ್ತೆಯಲ್ಲಿ ಅರ್ಧ ಗಂಟೆ ಓಡಿಸಿದರೆ ಅದಕ್ಕೂ ಇದೇ ಪರಿಹಾರ.

ಒಟ್ಟಿನಲ್ಲಿ, ವಾರದಲ್ಲಿ ಒಂದೆರಡು ಸಲವಾದರೂ ಅರ್ಧ ಗಂಟೆ ವೇಗದ ರಸ್ತೆ ನಿಮಗೆ ಸಿಗುತ್ತದೆ ಅಂತಾದರೆ ಡೀಸೆಲ್ ನೋಡಿ. ನಿಮ್ಮ ಓಡಾಟ ಪೂರ್ತಿ ಊರೊಳಗೇ ಆದರೆ ಅದೇ ಎಸ್ಟೇಟಿನ ಪೆಟ್ರೋಲ್ ಮಾದರಿ ತೆಗೆದುಕೊಳ್ಳಿ. ಡಿಕ್ಕಿ ಅಷ್ಟೇ ದೊಡ್ಡದು.

ಯೂರೋ 6 ಮತ್ತು ಲಂಡನ್ನಿನ 12.50 ಪೌಂಡ್

ಮಸಿಯ ಕಥೆ ಮುಗಿಯಿತು, ಇನ್ನೊಂದು ಉಳಿದಿದೆ. ಡೀಸೆಲ್ ಎಂಜಿನ್ನಿನ ಬಿಸಿಯಲ್ಲಿ ಗಾಳಿಯ ನೈಟ್ರೋಜನ್, ಆಮ್ಲಜನಕ ಸೇರಿ ನೈಟ್ರೋಜನ್ ಆಕ್ಸೈಡುಗಳಾಗುತ್ತವೆ. ಚಿಕ್ಕದಾಗಿ ನಾಕ್ಸ್. ಇದು ಕಣ್ಣಿಗೆ ಕಾಣುವುದಿಲ್ಲ, ಡಿಪಿಎಫ್‌ಗೆ ಸಿಗುವುದೂ ಇಲ್ಲ. ಉಬ್ಬಸ ಇರುವವರಿಗೆ ಬಹಳ ಕೆಟ್ಟದ್ದು. ಲಂಡನ್ನಿನ ಲೂಯಿಶಮ್ ಭಾಗದಲ್ಲಿ, ವಾಹನ ಕಿಕ್ಕಿರಿದ ರಸ್ತೆಯ ಹತ್ತಿರ ಬೆಳೆದ 9 ವರ್ಷದ ಹುಡುಗಿಯೊಬ್ಬಳು 2013ರಲ್ಲಿ ಉಬ್ಬಸದಿಂದ ತೀರಿಕೊಂಡಳು. ಅವಳ ಸಾವಿಗೆ ವಾಯುಮಾಲಿನ್ಯವೂ ಕಾರಣ ಅಂತ 2020ರ ಡಿಸೆಂಬರಿನಲ್ಲಿ ಅಲ್ಲಿನ ವಿಚಾರಣಾಧಿಕಾರಿ ದಾಖಲಿಸಿದರು. ನಿಯಮಗಳು ಯಾಕಿಷ್ಟು ಬಿಗಿ ಅಂತ ಕೇಳುವಾಗ ಇದು ನೆನಪಿರಬೇಕು.

ಯೂರೋ 5 ನಿಯಮದಲ್ಲಿ ಡೀಸೆಲ್ ಕಾರು ಕಿ.ಮೀ.ಗೆ 180 ಮಿಲಿಗ್ರಾಂ ನಾಕ್ಸ್ ಬಿಡಬಹುದಿತ್ತು. 2015ರ ಸೆಪ್ಟೆಂಬರಿನಿಂದ ಎಲ್ಲ ಹೊಸ ಕಾರಿಗೂ ಬಂದ ಯೂರೋ 6 ಅದನ್ನು 80ಕ್ಕೆ ಇಳಿಸಿತು. ಅದೇ ತಿಂಗಳು ಫೋಕ್ಸ್‌ವ್ಯಾಗನ್ ಗುಂಪಿನ ಡೀಸೆಲ್ ಹಗರಣ ಅಮೆರಿಕದಲ್ಲಿ ಬಯಲಾಯಿತು. ಪರೀಕ್ಷೆಯ ಹೊತ್ತಿನಲ್ಲಿ ಮಾತ್ರ ನಾಕ್ಸ್ ಕಡಿಮೆ ತೋರಿಸುವ ಸಾಫ್ಟ್‌ವೇರ್ ಸುಮಾರು 1.1 ಕೋಟಿ ಕಾರುಗಳಲ್ಲಿತ್ತು. ಸ್ಕೋಡಾ ಕೂಡ ಆ ಗುಂಪಿನದೇ, ಎರಡನೇ ತಲೆಮಾರಿನ ಫಾಬಿಯಾದ 1.2 ಮತ್ತು 1.6 ಡೀಸೆಲ್ ಎಂಜಿನ್ನುಗಳು ಆ ಪಟ್ಟಿಯಲ್ಲಿದ್ದವು. ಅಂಥ ಕಾರು ನೋಡುತ್ತಿದ್ದರೆ ಸಾಫ್ಟ್‌ವೇರ್ ತಿದ್ದುಪಡಿ ಆಗಿದೆಯಾ ಕೇಳಿ.

ಕೆಲವು ಯೂರೋ 6 ಕಾರುಗಳಲ್ಲಿ ಆ್ಯಡ್‌ಬ್ಲೂ ಅನ್ನುವ ಯೂರಿಯಾ ನೀರು ತುಂಬುವ ಪುಟ್ಟ ಟ್ಯಾಂಕ್ ಇರುತ್ತದೆ. ಅದು ನಾಕ್ಸ್ ಅನ್ನು ಮುರಿದು ನೈಟ್ರೋಜನ್ ಮತ್ತು ನೀರಾವಿ ಮಾಡುತ್ತದೆ. ಅದು ಖಾಲಿಯಾದರೆ ಕಾರು ಮತ್ತೆ ಸ್ಟಾರ್ಟ್ ಆಗುವುದಿಲ್ಲ, ಹಾಗೆಂದು ಬಹಳ ಮುಂಚೆಯೇ ಎಚ್ಚರಿಸುತ್ತದೆ. ಆ್ಯಡ್‌ಬ್ಲೂವನ್ನು ಡೀಸೆಲ್ ಟ್ಯಾಂಕಿಗೆ ಸುರಿಯಲೇಬಾರದು.

ಈಗ ದುಡ್ಡಿನ ಮಾತು. ಹೆಚ್ಚು ಮಾಲಿನ್ಯ ಮಾಡುವ ವಾಹನಗಳಿಗೆ ಶುಲ್ಕ ಹಾಕುವ ಲಂಡನ್ನಿನ ಯುಲೆಜ್ ವಲಯ 2023ರ ಆಗಸ್ಟ್ 29ರಿಂದ ನಗರದ ಎಲ್ಲ ಬರೋಗಳಿಗೂ, ಅಂದರೆ ಎಲ್ಲ ಆಡಳಿತ ವಿಭಾಗಗಳಿಗೂ ಹಬ್ಬಿದೆ. ಡೀಸೆಲ್ ಕಾರು ಯೂರೋ 6 ಅಲ್ಲದಿದ್ದರೆ, ಅದನ್ನು ಓಡಿಸಿದ ಪ್ರತಿ ದಿನಕ್ಕೆ 12.50 ಪೌಂಡ್. ಕ್ರಿಸ್‌ಮಸ್ ದಿನ ಒಂದೇ ಬಿಡುವು. ಹೀಥ್ರೋ ವಿಮಾನ ನಿಲ್ದಾಣವೂ ಈ ವಲಯದ ಒಳಗೇ, ಅಂದರೆ ಅಪ್ಪ ಅಮ್ಮನನ್ನು ಕರೆತರೋಕೆ ಹೋದರೂ ಕಟ್ಟಬೇಕು. ಬರ್ಮಿಂಗ್‌ಹ್ಯಾಮ್, ಬ್ರಿಸ್ಟಲ್ ನಗರಗಳ ನಡುಭಾಗದಲ್ಲೂ ಇಂಥ ಶುಲ್ಕ ಇದೆ. ಗ್ಲಾಸ್ಗೋ, ಎಡಿನ್‌ಬರೋದಲ್ಲಿ ಶುಲ್ಕ ಅಲ್ಲ, ಹಳೇ ಡೀಸೆಲಿಗೆ ಪ್ರವೇಶವೇ ಇಲ್ಲ, ನುಗ್ಗಿದರೆ ದಂಡ. ಹಳೇ ಯೂರೋ 5 ಡೀಸೆಲ್ ಎಸ್ಟೇಟ್ ಅಗ್ಗಕ್ಕೆ ಕಂಡರೆ ಅದರ ಹಿಂದಿನ ಒಂದು ಕಾರಣ ಇದು. ಪೆಟ್ರೋಲ್ ಕಾರಿಗೆ ಯೂರೋ 4 ಇದ್ದರೆ ಸಾಕು, ಹಾಗಾಗಿ 2006ರ ಪೆಟ್ರೋಲ್ ಕಾರು ಸಾಮಾನ್ಯವಾಗಿ ಪಾಸಾಗುತ್ತದೆ, 2014ರ ಡೀಸೆಲ್ ಬಹುಪಾಲು ಫೇಲಾಗುತ್ತದೆ.

ರಸ್ತೆ ತೆರಿಗೆಯಲ್ಲಿ ಒಂದು ತಿಂಗಳ ಅಂತರ

2001ರ ಮಾರ್ಚ್‌ನಿಂದ 2017ರ ಮಾರ್ಚ್ ತನಕ ನೋಂದಣಿಯಾದ ಕಾರುಗಳಿಗೆ ವಾರ್ಷಿಕ ರಸ್ತೆ ತೆರಿಗೆ ಇಂಗಾಲದ ಡೈಆಕ್ಸೈಡಿನ ಮೇಲೆ ನಿಂತಿದೆ. ಡೀಸೆಲ್ ಕಡಿಮೆ ಸುಡುವುದರಿಂದ ಅದರ ಅಂಕಿ ಕಡಿಮೆ, ಬ್ರಿಟನ್ನಿನವರು ಒಂದು ಕಾಲಕ್ಕೆ ಡೀಸೆಲಿಗೆ ಮುಗಿಬಿದ್ದದ್ದಕ್ಕೆ ಇದೂ ಒಂದು ಕಾರಣ. ಕಿ.ಮೀ.ಗೆ 100 ಗ್ರಾಂ ಒಳಗಿರುವ ಇಂಥ ಕಾರಿಗೆ 2025ರ ಏಪ್ರಿಲ್ ತನಕ ತೆರಿಗೆ ಸೊನ್ನೆ ಇತ್ತು, ಆಮೇಲೆ 20 ಪೌಂಡ್ ಆಯಿತು. 2017ರ ಏಪ್ರಿಲ್ 1ರಿಂದ ನೋಂದಣಿಯಾದವಕ್ಕೆ ಬೇರೆಯೇ ಪದ್ಧತಿ. ಅದೇ ಕಾರಿಗೆ 2025-26ರಲ್ಲಿ 195 ಪೌಂಡ್ ಇತ್ತು.

ಇದನ್ನು ಯೂರೋ 6 ದಿನಾಂಕದ ಜೊತೆಗಿಟ್ಟು ನೋಡಿ. 2015ರ ಸೆಪ್ಟೆಂಬರಿನಿಂದ 2017ರ ಮಾರ್ಚ್ ಕೊನೆಯ ತನಕ ನೋಂದಣಿಯಾದ ಕಾರಿಗೆ ಯುಲೆಜ್ ಶುಲ್ಕವೂ ಇಲ್ಲ, ತೆರಿಗೆಯೂ ಕಡಿಮೆ. ನಂಬರ್ ಪ್ಲೇಟಿನಲ್ಲಿ 65, 16, 66 ಇರುವ ಕಾರುಗಳು, ಮತ್ತು 17ರಲ್ಲಿ ಮೊದಲ ತಿಂಗಳಿನವು. 2015ರ ಸೆಪ್ಟೆಂಬರ್ ಆದಮೇಲೂ ಉಳಿದ ಯೂರೋ 5 ಕಾರುಗಳು ಅಲ್ಲೊಂದು ಇಲ್ಲೊಂದು ಮಾರಾಟವಾಗಿವೆ, ಆದ್ದರಿಂದ ಲಂಡನ್ ಸಾರಿಗೆ ಇಲಾಖೆಯ ತಾಣದಲ್ಲಿ ನಂಬರ್ ಹಾಕಿ ಖಚಿತ ಮಾಡಿಕೊಳ್ಳಿ, ದುಡ್ಡೇನೂ ಇಲ್ಲ. ಫಾಬಿಯಾ ಬೇಕೆಂದರೆ ಹೇಗೂ 2018ರ ಬದಲಾವಣೆಯಲ್ಲಿ ಡೀಸೆಲ್ ಕೈಬಿಟ್ಟರು, ಅದಕ್ಕಿಂತ ಹೊಸದು ಸಿಗುವುದಿಲ್ಲ.

ಕಾರು ನೋಡೋಕೆ ಹೋದಾಗ

ಮನೆಯಿಂದ ಹೊರಡುವ ಮುಂಚೆಯೇ ಅರ್ಧ ಕೆಲಸ ಮುಗಿಸಬಹುದು. ಬ್ರಿಟನ್ ಸರ್ಕಾರದ ತಾಣದಲ್ಲಿ ಯಾವುದೇ ಕಾರಿನ ನಂಬರ್ ಹಾಕಿದರೆ ಅದರ ಎಂಒಟಿ ಚರಿತ್ರೆ ಪುಕ್ಕಟೆ ಸಿಗುತ್ತದೆ. ಯಾವ ವರ್ಷ ಪಾಸು, ಯಾವ ವರ್ಷ ಫೇಲು, ಏನು ಹೇಳಿದ್ದರು, ಆಗ ಎಷ್ಟು ಮೈಲಿ ಓಡಿತ್ತು ಎಲ್ಲ. ಆ ಮೈಲಿಯ ಅಂಕಿಗಳನ್ನು ಸಾಲಾಗಿ ಓದಿ. ವರ್ಷಕ್ಕೆ 12,000 ಮೈಲಿ ಓಡಿದ ಡೀಸೆಲ್ ಕಾರು ಹೆದ್ದಾರಿ ಕಂಡಿರುತ್ತದೆ. ವರ್ಷಕ್ಕೆ 3,000 ಓಡಿದ್ದು 'ಕಡಿಮೆ ಓಡಿದೆ ಸಾರ್' ಅಂತ ಹೆಚ್ಚಿನ ಬೆಲೆಗೆ ಬರುತ್ತದೆ, ಆದರೆ ಅದರ ಡಿಪಿಎಫ್ ಬರೀ ಅಂಗಡಿ, ಶಾಲೆ ಸುತ್ತಿ ಮಸಿ ತಿಂದಿರುವ ಸಾಧ್ಯತೆಯೇ ಜಾಸ್ತಿ. ಡೀಸೆಲಿನ ಮಟ್ಟಿಗೆ ಹೆಚ್ಚು ಓಡಿದ, ಸರ್ವೀಸ್ ಪುಸ್ತಕ ಸರಿಯಿರುವ ಕಾರನ್ನೇ ನಾನು ಮೇಲು ಅನ್ನುತ್ತೇನೆ.

ಮಾರುವವರಿಗೆ ಮೊದಲೇ ಹೇಳಿಡಿ, ನಾನು ಬರುವ ತನಕ ಸ್ಟಾರ್ಟ್ ಮಾಡಬೇಡಿ ಅಂತ. ತಣ್ಣಗಿರುವ ಡೀಸೆಲ್ ಎಂಜಿನ್ ಒಂದೇ ಸಲಕ್ಕೆ ಹೊತ್ತಿಕೊಳ್ಳಬೇಕು. ಡಿಪಿಎಫ್ ಇರುವ ಕಾರಿನಿಂದ ಕಪ್ಪು ಹೊಗೆ ಬರಲೇಬಾರದು, ಹೊಗೆ ಕೊಳವೆಯ ತುದಿಗೆ ಬೆರಳಿಟ್ಟು ನೋಡಿ, ದಪ್ಪ ಮಸಿ ಅಂಟಿದರೆ ಡಿಪಿಎಫ್ ಒಡೆದಿದೆ ಅಥವಾ ತೆಗೆದಿದ್ದಾರೆ ಅನ್ನುವ ಅನುಮಾನ ಬರಬೇಕು. ಟೈಮಿಂಗ್ ಬೆಲ್ಟ್, ಅಂದರೆ ಎಂಜಿನ್ನಿನ ಭಾಗಗಳನ್ನು ಒಂದಕ್ಕೊಂದು ಹೊಂದಿಸಿ ತಿರುಗಿಸುವ ಪಟ್ಟಿ, ಬದಲಿಸಿದ ರಸೀದಿ ಕೇಳಿ. ಅದು ತುಂಡಾದರೆ ಎಂಜಿನ್ನೇ ಹೋಗುತ್ತದೆ. ಕಾರು ಓಡಿಸಿ ನೋಡುವಾಗ ಬರೀ ಬೀದಿ ಸುತ್ತಬೇಡಿ, ವೇಗದ ರಸ್ತೆಗೆ ಹೋಗಿ, ಮೂರನೇ ಗೇರಿನಲ್ಲಿ ಒತ್ತಿದಾಗ ಒಂದೇ ಸಮ ಎಳೆಯಬೇಕು. ಕ್ಲಚ್ ಒತ್ತಿ ಬಿಟ್ಟಾಗ ಕಟಕಟ ಸದ್ದು, ನಡುಕ ಇದ್ದರೆ ಫ್ಲೈವೀಲ್ ಸವೆದಿರಬಹುದು, ಅದರ ರಿಪೇರಿಯೂ ದುಬಾರಿ.

ಎಸ್ಟೇಟ್ ಆದ್ದರಿಂದ ಡಿಕ್ಕಿಯ ನೆಲ ಎತ್ತಿ ಕೆಳಗೆ ಒದ್ದೆ ಇದೆಯಾ ನೋಡಿ, ಹಿಂದಿನ ಸೀಟು ಎರಡೂ ಕಡೆ ಮಡಚಿ ಮತ್ತೆ ಕೂರಿಸಿ ನೋಡಿ. ಆಮೇಲೆ ನಿಮ್ಮ ತಳ್ಳುಗಾಡಿಯನ್ನೇ ಇಟ್ಟು ನೋಡಿ, ಯಾರೂ ಬೇಡ ಅನ್ನುವುದಿಲ್ಲ.

ಬಂಕಿನಲ್ಲಿ ಕೈ ತಪ್ಪಿದರೆ

ಊರಲ್ಲಿ 'ಡೀಸೆಲ್ ಹಾಕಪ್ಪ' ಅಂದರೆ ಹಾಕುವವರಿರುತ್ತಾರೆ. ಬ್ರಿಟನ್ನಿನಲ್ಲಿ ನಾವೇ ಹಾಕಿಕೊಳ್ಳಬೇಕು. ಸಾಮಾನ್ಯವಾಗಿ ಕಪ್ಪು ಹಿಡಿ ಡೀಸೆಲ್, ಹಸಿರು ಹಿಡಿ ಪೆಟ್ರೋಲ್. ಚೀಟಿಯೂ ಇರುತ್ತದೆ, ಚೌಕದಲ್ಲಿ ಬಿ7 ಅಂದರೆ ಡೀಸೆಲ್, ವೃತ್ತದಲ್ಲಿ ಇ5 ಅಥವಾ ಇ10 ಅಂದರೆ ಪೆಟ್ರೋಲ್. ಡೀಸೆಲ್ ಕೊಳವೆಯ ಮೂತಿ ದಪ್ಪ, ಅದು ಪೆಟ್ರೋಲ್ ಕಾರಿನ ಬಾಯಿಗೆ ಹೋಗುವುದಿಲ್ಲ. ಪೆಟ್ರೋಲಿನದು ಸಣ್ಣ, ಅದು ಎಷ್ಟೋ ಡೀಸೆಲ್ ಕಾರುಗಳಿಗೆ ಸಲೀಸಾಗಿ ಹೋಗಿಬಿಡುತ್ತದೆ. ಹಾಗಾಗಿ ತಪ್ಪು ಹೆಚ್ಚಾಗಿ ಆಗುವುದು ಡೀಸೆಲ್ ಕಾರಿಗೇ, ಅದರಲ್ಲೂ ಮನೆಯಲ್ಲಿ ಇನ್ನೊಂದು ಪೆಟ್ರೋಲ್ ಕಾರು ಇರುವವರಿಗೆ.

ಡೀಸೆಲಿಗೆ ತುಸು ಜಿಡ್ಡಿನ ಗುಣ ಇದೆ, ಅತಿ ಒತ್ತಡದಲ್ಲಿ ಕೆಲಸ ಮಾಡುವ ಪಂಪು, ಇಂಜೆಕ್ಟರುಗಳಿಗೆ ಆ ಜಿಡ್ಡೇ ರಕ್ಷಣೆ. ಪೆಟ್ರೋಲ್ ಹೋದರೆ ಜಿಡ್ಡು ತೊಳೆದುಹೋಗಿ ಲೋಹಕ್ಕೆ ಲೋಹ ಉಜ್ಜುತ್ತದೆ, ಅದರ ಪುಡಿ ಇಡೀ ಇಂಧನದ ದಾರಿಗೆ ಹರಡುತ್ತದೆ. ತಪ್ಪಾಯಿತು ಅಂತ ಪಂಪಿನ ಹತ್ತಿರವೇ ಗೊತ್ತಾದರೆ ಕೀ ತಿರುಗಿಸಲೇಬೇಡಿ. ಕೆಲವು ಕಾರುಗಳಲ್ಲಿ ಕೀ ಆನ್ ಮಾಡಿದ ಕೂಡಲೇ ಟ್ಯಾಂಕಿನ ಪಂಪು ಶುರುವಾಗುತ್ತದೆ. ಕಾರನ್ನು ನ್ಯೂಟ್ರಲ್‌ಗೆ ಹಾಕಿ, ಬಂಕಿನವರಿಗೆ ಹೇಳಿ, ಅವರ ಸಹಾಯದಿಂದ ಪಕ್ಕಕ್ಕೆ ತಳ್ಳಿ, ನಿಮ್ಮ ಬ್ರೇಕ್‌ಡೌನ್ ಸೇವೆಗೆ ಫೋನ್ ಮಾಡಿ. ಟ್ಯಾಂಕ್ ಖಾಲಿ ಮಾಡಿ ತೊಳೆದು ಡೀಸೆಲ್ ತುಂಬಿಸಿದರೆ ಕಾರು ಅದೇ ದಿನ ಮನೆಗೆ ಬರುತ್ತದೆ.